ಜೆಟ್ಟಿನ ನೀರಿಗೆ ನಿಂತ ವ್ಯಾನು

ಬೆಳಗಿನ ಆರು ಗಂಟೆ. ಗೋಣಿಬೀಡಿನಿಂದ ಎರಡು ಕಿಲೋಮೀಟರ್ ಒಳಗೆ, ವೀರೇಂದ್ರ ಅವರ ರೋಬಸ್ಟಾ ಎಸ್ಟೇಟಿನ ರಸ್ತೆಯಲ್ಲಿ ಬಿಳಿ ಬಣ್ಣದ ಹಳೆಯ ವ್ಯಾನೊಂದು ನಿಂತಿದೆ. ಫೆಬ್ರವರಿಯ ಕೊನೆಯ ವಾರ, ಆಕಾಶದಲ್ಲಿ ಮೋಡದ ಸುಳಿವಿಲ್ಲ. ಆದರೂ ವ್ಯಾನಿನ ಮೇಲೆ ಧೋ ಎಂದು ನೀರು ಬೀಳುತ್ತಿದೆ. ಕಾಫಿಯ ಮೊಗ್ಗು ಅರಳಲೆಂದು ಹಚ್ಚಿದ ಸ್ಪ್ರಿಂಕ್ಲರ್ ಜೆಟ್ ಗಿರಗಿರನೆ ಸುತ್ತುತ್ತ, ಪ್ರತಿ ಸುತ್ತಿಗೂ ವ್ಯಾನಿನ ಪಕ್ಕೆಗೆ ಬಾರಿಸಿ ಗಿಡಗಳತ್ತ ಹೋಗುತ್ತದೆ. ಮತ್ತೆ ಬರುತ್ತದೆ, ಮತ್ತೆ ಬಾರಿಸುತ್ತದೆ.

ವ್ಯಾನಿನ ಒಳಗೆ ಬೋರಲು ಹಾಕಿದ ಪೇಂಟ್ ಬಕೆಟ್ಟಿನ ಮೇಲೆ ಗಿರಿಜಾಂಬಾ ಕೂತಿದ್ದಾರೆ. ವಯಸ್ಸು ಐವತ್ತಮೂರು. ಸೀರೆಯ ಮೇಲೊಂದು ಖಾಕಿ ಅಂಗಿ, ಕೈಯಲ್ಲಿ ಟಾರ್ಚ್. ನೆಲದ ಮೇಲೆ, ಮಂಚದ ಮೇಲೆ, ಒಲೆಯ ಕಟ್ಟೆಯ ಮೇಲೆ ಎಲ್ಲೆಲ್ಲೂ ಹಳೆಯ ಪತ್ರಿಕೆಗಳನ್ನು ಹಾಸಿದ್ದಾರೆ. ಗೋಡೆಗೂ ಅಂಟಿಸಿದ್ದಾರೆ. ಎಲ್ಲಾದರೂ ಒಂದು ಹನಿ ಬಿದ್ದರೆ ಕಾಗದ ಹೇಳಿಬಿಡುತ್ತದೆ. ಅವರ ಪಕ್ಕದಲ್ಲಿ ನಾನು ಇನ್ನೊಂದು ಬಕೆಟ್ಟಿನ ಮೇಲೆ ಮುದುಡಿಕೊಂಡಿದ್ದೇನೆ.

‘ಕಾಲು ಎತ್ತಿ ಇಡಿ ಮಾರಾಯ್ರೆ, ಪೇಪರ್ ತುಳೀಬೇಡಿ’ ಎಂದು ಗದರಿಸುತ್ತಾರೆ. ಆಮೇಲೆ ಕೊಂಚ ಸಮಾಧಾನದ ದನಿಯಲ್ಲಿ, ‘ನಿಮ್ಮ ಪುರವಣಿ ಭಾಳ ಒಳ್ಳೇದು. ಬಣ್ಣದ ಹಾಳೆ ಅಲ್ವಾ, ಹನಿ ಬಿದ್ದ ತಕ್ಷಣ ಕಪ್ಪಗೆ ಕಾಣುತ್ತೆ. ದಿನದ ಪೇಪರಲ್ಲಿ ಅಷ್ಟು ಚೆನ್ನಾಗಿ ಗೊತ್ತಾಗಲ್ಲ’ ಎನ್ನುತ್ತಾರೆ. ಇಪ್ಪತ್ತು ವರ್ಷಗಳಿಂದ ಪುರವಣಿಗೆ ಬರೆಯುತ್ತಿದ್ದೇನೆ. ನನ್ನ ಬರಹಕ್ಕೆ ಇಷ್ಟು ನೇರವಾದ ಉಪಯೋಗವನ್ನು ಈವರೆಗೆ ಯಾರೂ ಹೇಳಿರಲಿಲ್ಲ.

ಮಳೆಗಾಲದವರೆಗೆ ಕಾಯಬಹುದಿತ್ತಲ್ಲ ಎಂದು ಕೇಳುತ್ತೇನೆ. ಪೈಪಿನಲ್ಲಿ ನೀರು ಬಿಟ್ಟು ನೋಡಬಹುದಿತ್ತಲ್ಲ ಎಂದೂ ಕೇಳುತ್ತೇನೆ. ‘ಪೈಪಿನ ನೀರು ಒಂದೇ ಕಡೆ ಬೀಳುತ್ತೆ. ನಿಂತ ಗಾಡಿಗೆ ಬೀಳೋ ಮಳೆ ಬೇರೆ, ಘಾಟಿಲಿ ಓಡೋ ಗಾಡಿಗೆ ಹೊಡಿಯೋ ಮಳೆ ಬೇರೆ. ಅದು ಅಡ್ಡ ಹೊಡಿಯೋದು. ಜೆಟ್ಟೂ ಅಡ್ಡಾನೇ ಹೊಡಿಯುತ್ತೆ ನೋಡಿ. ಹೊಡೆದು ಹೋಗುತ್ತೆ, ನೀರಿಗೆ ಸಂದಿ ಹುಡುಕಕ್ಕೆ ಸ್ವಲ್ಪ ಟೈಮ್ ಕೊಡುತ್ತೆ, ಮತ್ತೆ ಬಂದು ಹೊಡಿಯುತ್ತೆ. ಆಗುಂಬೆ ಮಳೇನೂ ಇದರ ಮುಂದೆ ಪಾಪದ್ದು.’

ಕಾಫಿ ಸೀಮೆಯಲ್ಲಿ ಸ್ಪ್ರಿಂಕ್ಲರ್ ಇರುವುದು ಹೂವು ಅರಳಿಸುವುದಕ್ಕೆ. ಅದರ ಕೆಳಗೆ ವ್ಯಾನ್ ನಿಲ್ಲಿಸಿ ಸೋರಿಕೆ ಹುಡುಕುವ ಬುದ್ಧಿ ಮೊದಲು ಹೊಳೆದದ್ದು ಗಿರಿಜಾಂಬಾ ಅವರಿಗೆ. ಹನ್ನೊಂದು ವರ್ಷಗಳಲ್ಲಿ ಮೂವತ್ತನಾಲ್ಕು ವ್ಯಾನ್‌ಗಳು ಹೀಗೆ ಈ ತೋಟದ ನೀರಿನಲ್ಲಿ ನಿಂತು ಹೋಗಿವೆ. ಹಳೆಯ ವ್ಯಾನನ್ನು ಮಲಗುವ, ಅಡುಗೆ ಮಾಡುವ ಮನೆಯಾಗಿ ಬದಲಾಯಿಸುವುದು, ಕೆಟ್ಟರೆ ಸರಿಪಡಿಸುವುದು ಅವರ ಕಸುಬು. ಸುತ್ತಮುತ್ತಲಿನವರಿಗೆ ಅವರು ಗಿರಿಜಕ್ಕ. ಆದರೆ ಇವತ್ತು ನಿಂತಿರುವ ವ್ಯಾನು ಮೂವತ್ತೈದನೆಯದಲ್ಲ. ಅದು ಇಪ್ಪತ್ತೆಂಟನೆಯದು. ಒಮ್ಮೆ ಮಾಡಿ ಕೊಟ್ಟು, ಕೆಟ್ಟು, ತಿರುಗಿ ಬಂದದ್ದು. ಅದನ್ನು ಕೆಡಿಸಿದವರೂ ಗಿರಿಜಕ್ಕನೇ. ಇದನ್ನು ಅವರೇ, ನಾನು ಕೇಳುವ ಮುಂಚೆ ಹೇಳಿದರು.

ಗೋಣಿಬೀಡಿನ ಬಸ್ ನಿಲ್ದಾಣದ ಹಿಂದೆ ಹೋದರೆ ಒಂದು ಶೆಡ್ಡು ಸಿಗುತ್ತದೆ. ‘ಗುರುವಯ್ಯ ಮೋಟಾರ್ ರಿವೈಂಡಿಂಗ್ ವರ್ಕ್ಸ್’ ಎಂದು ಬೋರ್ಡಿದೆ. ಗುರುವಯ್ಯ ಗಿರಿಜಕ್ಕನ ತಂದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಸುತ್ತಲಿನ ತೋಟಗಳ ಪಂಪ್‌ಸೆಟ್ಟು, ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರಗಳ ಮೋಟಾರು ಸುಟ್ಟುಹೋದರೆ ಹೊತ್ತುಕೊಂಡು ಬರುತ್ತಿದ್ದದ್ದು ಇಲ್ಲಿಗೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ಒಂದು ಬೇಸಿಗೆ ರಜೆಯಲ್ಲಿ ತಂದೆಯ ಪಕ್ಕ ಕೂತು ತಾಮ್ರದ ತಂತಿ ಸುತ್ತಿದಳು. ರಜೆ ಮುಗಿದರೂ ಎದ್ದು ಹೋಗಲಿಲ್ಲ.

‘ಮೂರು ಎಚ್.ಪಿ. ಮೋಟಾರಲ್ಲಿ ಮೂವತ್ತಾರು ಸ್ಲಾಟು. ಪ್ರತಿಯೊಂದು ಸಂದಿಲೂ ತಂತಿ ಸುತ್ತು ಎಣಿಸಿ ಹಾಕ್ಬೇಕು. ಎಣಿಸ್ತಿರೋವಾಗ ಯಾರಾದ್ರೂ ಮಾತಾಡಿಸಿದ್ರೆ ಅಪ್ಪ ಉತ್ತರ ಕೊಡ್ತಿರ್ಲಿಲ್ಲ. ಎಸ್ಟೇಟ್ ಸಾಹುಕಾರ್ರು ಬಂದು ನಿಂತ್ರೂ ಇಲ್ಲ. ಸುತ್ತು ಮುಗಿದ ಮೇಲೇ ನಮಸ್ಕಾರ’ ಎಂದು ನೆನೆಯುತ್ತಾರೆ. ಆ ಗುಣ ಮಗಳಿಗೂ ಬಂದಿದೆ. ನಾನು ಮೊದಲ ದಿನ ಶೆಡ್ಡಿಗೆ ಹೋದಾಗ ಹದಿನೈದು ನಿಮಿಷ ನಿಂತೇ ಇದ್ದೆ. ಕುಳಿತುಕೊಳ್ಳಿ ಎಂದು ಹೇಳಿದ್ದು ಪಕ್ಕದ ದಿನಸಿ ಅಂಗಡಿಯಿಂದ ಬಂದ ಅವರ ಪತಿ ಓಂಕಾರಮೂರ್ತಿ. ‘ಅವಳು ವೈರ್ ಹಿಡಿದಿದ್ರೆ ನನಗೂ ಅಷ್ಟೇ ಸಾರ್. ಒಂದು ಕಾಫಿ ಕೇಳಕ್ಕೂ ಧೈರ್ಯ ಬರಲ್ಲ’ ಎಂದು ನಕ್ಕರು.

ಹೊಸ ಮೋಟಾರುಗಳು ಬಂದು ರಿವೈಂಡಿಂಗ್ ಕೆಲಸ ಕಡಿಮೆಯಾದಾಗ ಗಿರಿಜಕ್ಕ ಜೀಪು, ಪಿಕಪ್‌ಗಳ ವೈರಿಂಗ್ ಹಿಡಿದರು. ಆ ದಿನಗಳ ಪಡಿಪಾಟಲು ಒಂದೆರಡಲ್ಲ. ಗಾಡಿ ತಂದವರು ಶೆಡ್ಡಿನ ಒಳಗೆ ಇಣುಕಿ, ‘ಎಲೆಕ್ಟ್ರಿಷಿಯನ್ ಎಲ್ಲಮ್ಮಾ?’ ಎಂದು ಕೇಳುತ್ತಿದ್ದರು. ನಾನೇ ಎಂದರೆ ಮುಖ ಮುಖ ನೋಡಿಕೊಂಡು ಮೂಡಿಗೆರೆಗೆ ಹೋಗುತ್ತೇವೆ ಎನ್ನುತ್ತಿದ್ದರು. ಆಮೇಲೆ ಗಿರಿಜಕ್ಕ ಬೇರೆ ದಾರಿ ಕಂಡುಕೊಂಡರು. ‘ಊಟಕ್ಕೆ ಹೋಗಿದಾರೆ, ಗಾಡಿ ಬಿಟ್ಟು ಹೋಗಿ, ಎರಡು ಗಂಟೆಗೆ ಬನ್ನಿ ಅಂತಿದ್ದೆ. ಬರೋ ಹೊತ್ತಿಗೆ ಗಾಡಿ ರೆಡಿ. ಅವರೆಲ್ಲಿ ಅಂತ ಕೇಳಿದ್ರೆ ಈಗ ತಾನೇ ಮಲಗಿದ್ರು ಅಂತಿದ್ದೆ. ಹಿಂಗೇ ಎರಡು ವರ್ಷ ಆ ಮನುಷ್ಯ ಉಂಡ, ಮಲಗಿದ. ಎಂತ ಮಾಡೋದು, ಕೆಲಸ ಆಗ್ಬೇಕಿತ್ತಲ್ಲ.’

ಈಗ ಯಾರೂ ಹಾಗೆ ಕೇಳುವುದಿಲ್ಲ. ಅದಕ್ಕೆ ಕಾರಣ ಹನ್ನೊಂದು ವರ್ಷದ ಹಿಂದೆ ಗೋಣಿಬೀಡಿನಲ್ಲಿ ಕೆಟ್ಟು ನಿಂತ ಹುಬ್ಬಳ್ಳಿಯವರ ಒಂದು ವ್ಯಾನು. ಒಳಗೆ ಮಂಚ, ಒಲೆ, ಫ್ಯಾನು ಎಲ್ಲ ಇತ್ತು. ಆದರೆ ಇಂಡಿಕೇಟರ್ ಹಾಕಿದರೆ ಒಳಗಿನ ದೀಪವೂ ಜೊತೆಗೆ ಮಿಟುಕುತ್ತಿತ್ತು, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತಿತ್ತು. ದಾರಿಯುದ್ದಕ್ಕೂ ಮೂರು ಕಡೆ ತೋರಿಸಿ ಎರಡು ಬ್ಯಾಟರಿ ಬದಲಾಯಿಸಿದ್ದರು. ಗಿರಿಜಕ್ಕ ಮೀಟರನ್ನು ಪಕ್ಕಕ್ಕಿಟ್ಟು, ಒಂದು ಬಲ್ಬಿಗೆ ಎರಡು ವೈರು ಕಟ್ಟಿದ ತಮ್ಮ ಟೆಸ್ಟ್ ಲ್ಯಾಂಪ್ ಹಿಡಿದು ವ್ಯಾನಿನ ಅಡಿಗೆ ನುಗ್ಗಿದರು. ಗಾಡಿಯ ತಗಡಿಗೆ ಅರ್ತ್ ವೈರು ಕೊಟ್ಟ ಬೋಲ್ಟಿನ ಕೆಳಗೆ ತುಕ್ಕು, ತುಕ್ಕಿನ ಮೇಲೆ ಹೊಸ ಪೇಂಟು. ಕೆರೆದು, ಬೋಲ್ಟು ಬಿಗಿದು ಎದ್ದಾಗ ಒಟ್ಟು ನಲವತ್ತು ನಿಮಿಷ ಆಗಿತ್ತು.

‘ಮೀಟರ್ ಹನ್ನೆರಡು ವೋಲ್ಟು ತೋರಿಸ್ತಿತ್ತು. ತೋರಿಸುತ್ತೆ, ಅದು ಬರೀ ನೋಡೋದು ತಾನೆ. ಬಲ್ಬು ಕರೆಂಟು ತಗೊಳ್ಳುತ್ತೆ. ದುಡಿಯಕ್ಕೆ ಹಚ್ಚಿದಾಗಲೇ ವೈರಿನ ಯೋಗ್ಯತೆ ಗೊತ್ತಾಗೋದು’ ಎನ್ನುತ್ತಾರೆ ಗಿರಿಜಕ್ಕ. ಹುಬ್ಬಳ್ಳಿಯವರು ಊರಿಗೆ ಹೋಗಿ ತಮ್ಮ ಬಳಗಕ್ಕೆ ಹೇಳಿದರು. ಆ ಬಳಗ ಇನ್ನೊಂದು ಬಳಗಕ್ಕೆ ಹೇಳಿತು. ಇವತ್ತು ಬೆಳಗಾವಿಯಿಂದ, ಮೈಸೂರಿನಿಂದ, ಒಮ್ಮೆ ಕಣ್ಣೂರಿನಿಂದಲೂ ಹಳೆಯ ವ್ಯಾನುಗಳು ದಾರಿ ಕೇಳಿಕೊಂಡು ಈ ಶೆಡ್ಡಿಗೆ ಬರುತ್ತವೆ. ಮರಗೆಲಸಕ್ಕೆ, ವೆಲ್ಡಿಂಗಿಗೆ ಮೂಡಿಗೆರೆಯಿಂದ ಜನ ಬರುತ್ತಾರೆ. ವೈರು, ನೀರು, ಗಾಳಿ ಈ ಮೂರನ್ನು ಗಿರಿಜಕ್ಕ ಯಾರಿಗೂ ಬಿಟ್ಟುಕೊಡುವುದಿಲ್ಲ.

ಒಂದು ವ್ಯಾನಿಗೆ ಮೂರು ತಿಂಗಳು. ಎಂಬತ್ತು ಮೀಟರಿಗೂ ಹೆಚ್ಚು ವೈರು, ಇನ್ನೂರಕ್ಕೂ ಮೀರಿದ ಸ್ಕ್ರೂ. ಪ್ರತಿ ವೈರಿನ ಎರಡೂ ತುದಿಗೆ ಬಿಳಿ ಪಟ್ಟಿ ಸುತ್ತಿ ಕನ್ನಡದಲ್ಲಿ ಹೆಸರು ಬರೆಯುತ್ತಾರೆ: ಒಲೆ ದೀಪ, ಬಾಗಿಲ ದೀಪ, ನೀರಿನ ಪಂಪು. ‘ನಾನಿಲ್ಲದ ಊರಲ್ಲಿ ಕೆಟ್ರೆ ಅಲ್ಲಿಯವರಿಗೆ ಗೊತ್ತಾಗ್ಬೇಕಲ್ಲ’ ಎಂಬುದು ಕಾರಣ. ಮೊಬೈಲ್ ರೀಲ್ಸ್‌ಗಳಲ್ಲಿ ಬೆಟ್ಟದ ತುದಿಯಲ್ಲಿ ವ್ಯಾನ್ ನಿಲ್ಲಿಸಿ, ಹಿಂಬಾಗಿಲು ತೆರೆದು ಕಾಫಿ ಹೀರುವವರನ್ನು ನಾವೆಲ್ಲ ನೋಡುತ್ತೇವೆ. ಆ ವ್ಯಾನುಗಳು ಸೋರುವುದಿಲ್ಲ, ಅವುಗಳ ಬ್ಯಾಟರಿ ಇಳಿಯುವುದಿಲ್ಲ, ಅವುಗಳಲ್ಲಿ ಯಾರಿಗೂ ಸೀನು ಬರುವುದಿಲ್ಲ. ನನಗೆ ಆ ವಿಡಿಯೊಗಳನ್ನು ಕಂಡರೆ ಮೈ ಉರಿಯುತ್ತದೆ. ಅಂಥ ವ್ಯಾನಿನ ಗೋಡೆಯ ಹಿಂದೆ ಒಬ್ಬರು ಕೈ ಹಾಕಿರುತ್ತಾರೆ, ಆ ಕೈ ಒಮ್ಮೆಯೂ ಚಿತ್ರದಲ್ಲಿ ಬರುವುದಿಲ್ಲ.

ಇನ್ನು ಆ ಇಪ್ಪತ್ತೆಂಟನೆಯ ವ್ಯಾನಿನ ಕತೆ.

ಸಂಸೆಯ ಶಂಕರಣ್ಣನಿಗೆ ಈಗ ಎಪ್ಪತ್ತು ವರ್ಷ. ಮೂವತ್ತೆಂಟು ವರ್ಷ ಬಾಡಿಗೆ ಜೀಪು ಓಡಿಸಿದವರು. ಕಳಸ, ಸಂಸೆ, ಕುದುರೆಮುಖದ ಕಡೆಗೆ ಬಂದ ಪ್ರವಾಸಿಗಳನ್ನು ಗುಡ್ಡದ ಬುಡಕ್ಕೆ ಬಿಟ್ಟು, ‘ನೋಡ್ಕೊಂಡು ಬನ್ನಿ’ ಎಂದು ಹೇಳಿ ಜೀಪಿನಲ್ಲೇ ಕೂತಿರುತ್ತಿದ್ದರು. ಹೆಂಡತಿ ವಸಂತಮ್ಮ ಮನೆಯ ಎರಡು ಎಕರೆ ಕಾಫಿ, ಗದ್ದೆ ನೋಡಿಕೊಂಡವರು. ಅವರು ಕಳಸದಿಂದ ಆಚೆ ಹೋದದ್ದು ಬೆರಳಲ್ಲಿ ಎಣಿಸುವಷ್ಟು ಸಲ. ಮೂರು ವರ್ಷದ ಹಿಂದೆ ಶಂಕರಣ್ಣ ಜೀಪು ಮಾರಿ, ಬ್ಯಾಂಡ್‌ಸೆಟ್ ತಂಡವೊಂದು ಓಡಿಸಿ ಬಿಟ್ಟಿದ್ದ ಈ ಹಳೆಯ ವ್ಯಾನು ಕೊಂಡರು. ‘ಊರೋರನ್ನೆಲ್ಲ ತಿರುಗಿಸ್ದೆ. ಇವಳನ್ನ ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ’ ಎಂದು ಗಿರಿಜಕ್ಕನ ಮುಂದೆ ಹೇಳಿದರಂತೆ. ವಸಂತಮ್ಮನಿಗೆ ಇದ್ದದ್ದು ಒಂದೇ ಆಸೆ. ಸಮುದ್ರದ ಅಂಚಲ್ಲೇ ಹೋಗಿ ಹೋಗಿ, ನೆಲ ಮುಗಿಯುವ ಕನ್ಯಾಕುಮಾರಿ ನೋಡಬೇಕು. ಅವಸರವಿಲ್ಲದೆ, ತನ್ನದೇ ಒಲೆಯಲ್ಲಿ ಅಡುಗೆ ಮಾಡಿಕೊಂಡು ಹೋಗಬೇಕು. ಅವರಿಗೆ ಮೊದಲಿನಿಂದಲೂ ಸ್ವಲ್ಪ ಉಬ್ಬಸ ಇದ್ದುದರಿಂದ ಬೆಚ್ಚಗಿನ ಗಾಡಿ ಬೇಕಾಗಿತ್ತು.

ಬೆಚ್ಚಗಿರಲೆಂದು ಗಿರಿಜಕ್ಕ ಒಂದು ಉಪಾಯ ಮಾಡಿದರು. ತಗಡಿನ ಗೋಡೆ ಮತ್ತು ಒಳಗಿನ ಪ್ಲೈವುಡ್ ನಡುವೆ ಕಾಫಿ ಹೊಟ್ಟು ತುಂಬಿದರು. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆಸಹಿತ ಒಣಗಿಸಿದ ಬೀಜವನ್ನು ಸುಲಿದಾಗ ರಾಶಿ ರಾಶಿ ಬೀಳುವ ಹೊಟ್ಟು ಅದು. ಹಗುರ, ಬೆಚ್ಚಗೆ, ಸದ್ದೂ ತಡೆಯುತ್ತದೆ. ಕಾಫಿ ಸೀಮೆಯಲ್ಲಿ ಹುಟ್ಟಿದವರಿಗೆ ಆ ರಾಶಿ ಕಂಡಾಗಲೆಲ್ಲ ಇದನ್ನು ಏನಕ್ಕಾದರೂ ಉಪಯೋಗಿಸಬೇಕಲ್ಲ ಅನ್ನಿಸುತ್ತದೆ. ಹದಿನಾಲ್ಕು ಮೂಟೆ ಹಿಡಿಯಿತು. ನೋಡಿದವರೆಲ್ಲ ಭೇಷ್ ಎಂದರು.

ವ್ಯಾನು ಕೊಂಡ ವರ್ಷದ ಅಕ್ಟೋಬರಿನಲ್ಲೇ ಗಂಡಹೆಂಡತಿ ಹೊರಟರು. ಮೊದಲು ಗೋಕರ್ಣ ನೋಡಿ, ಅಲ್ಲಿಂದ ಕರಾವಳಿ ಹಿಡಿದು ಕೆಳಗೆ ಇಳಿಯುವ ಯೋಚನೆ. ಮಳೆ ಇನ್ನೂ ಬಿಟ್ಟಿರಲಿಲ್ಲ. ಕಿಟಕಿ ಮುಚ್ಚಿಕೊಂಡು ಒಳಗೇ ಗಂಜಿ ಬೇಯಿಸಿದರು, ಒಳಗೇ ಮಲಗಿದರು. ಆರನೆಯ ದಿನ ವಸಂತಮ್ಮನಿಗೆ ಉಸಿರು ಸಿಗಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ತಿರುಗಿದರು. ಮೂಗಿಗೆ ಬಡಿಯುತ್ತಿದ್ದ ಮುಗ್ಗಲು ವಾಸನೆಯ ಮೂಲ ಹುಡುಕಿ ಶಂಕರಣ್ಣ ಒಂದು ಹಲಗೆ ಬಿಚ್ಚಿದರೆ, ಒಳಗಿನ ಹೊಟ್ಟೆಲ್ಲ ಒದ್ದೆಯಾಗಿ ಊದಿ ಬೆಳ್ಳಗೆ ಬೂಷ್ಟು ಹಿಡಿದಿತ್ತು.

‘ಪಾರ್ಚ್‌ಮೆಂಟು ಮಳೆಗಾಲದಲ್ಲಿ ತೇವ ಎಳ್ಕೊಳ್ಳುತ್ತೆ ಅಂತ ಗೋಣಿಬೀಡಿನ ಮಗೂಗೂ ಗೊತ್ತು. ನನಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಗೋಡೆ ಒಳಗೆ ತುಂಬಿ ಸ್ಕ್ರೂ ಹೊಡೆದ ಮೇಲೆ ಅದು ಕಾಫಿದು ಅನ್ನೋದೇ ಮರೆತುಹೋಯ್ತು’ ಎನ್ನುವಾಗ ಗಿರಿಜಕ್ಕನ ಕಣ್ಣು ನನ್ನ ಮೇಲಿಲ್ಲ, ಗೋಡೆಗೆ ಅಂಟಿಸಿದ ಕಾಗದದ ಮೇಲಿದೆ. ಸುದ್ದಿ ಮುಟ್ಟಿದ ಮರುದಿನವೇ ಅವರು ಮೊದಲ ಬಸ್ಸಿಗೆ ಸಂಸೆಗೆ ಹೋದರು. ಮಂಚದ ಮೇಲೆ ಒರಗಿ ಕೂತಿದ್ದ ವಸಂತಮ್ಮನ ಮುಂದೆ ನಿಂತು, ತಪ್ಪು ನನ್ನದು, ಹೊಟ್ಟೆಗೆ ಹಾಕಿಕೊಳ್ಳಿ ಎಂದರು. ‘ಅವರು ಬೈದಿದ್ರೆ ಚೆನ್ನಾಗಿತ್ತು. ಬೈಯಲಿಲ್ಲ. ಕಾಫಿ ಕೊಟ್ರು. ಇನ್ನು ಆ ಗಾಡಿ ಹತ್ತಲ್ಲ ಗಿರಿಜಾ ಅಂದ್ರು, ಅಷ್ಟೇ.’

ವ್ಯಾನು ಶೆಡ್ಡಿಗೆ ಬಂತು. ಎಲ್ಲಿ ಸೋರುತ್ತಿದೆ ಎಂದು ಗಿರಿಜಕ್ಕ ಎರಡು ತಿಂಗಳು ಹುಡುಕಿದರು. ಬಾಗಿಲ ರಬ್ಬರ್ ನೋಡಿದರು, ಕಿಟಕಿ ಬಿಚ್ಚಿ ಕೂರಿಸಿದರು, ನೆತ್ತಿಯ ಮೇಲಿನ ಕ್ಯಾರಿಯರಿನ ಒಂದೊಂದು ಬೋಲ್ಟನ್ನೂ ಪರೀಕ್ಷಿಸಿದರು. ಎಷ್ಟು ನೀರು ಬಿಟ್ಟರೂ ಒಂದು ಹನಿ ಒಳಗೆ ಬರಲಿಲ್ಲ. ಹಾಗಾದರೆ ಹದಿನಾಲ್ಕು ಮೂಟೆ ಹೊಟ್ಟು ಒದ್ದೆಯಾದದ್ದು ಹೇಗೆ? ಆ ದಿನಗಳಲ್ಲಿ ಹೆಂಡತಿಗೆ ಊಟ ಸೇರದೆ ತೂಕ ಇಳಿಯಿತು ಎಂದು ಓಂಕಾರಮೂರ್ತಿ ಹೇಳುತ್ತಾರೆ.

ಉತ್ತರ ಸಿಕ್ಕಿದ್ದು ಇದೇ ವೀರೇಂದ್ರ ಅವರ ಕಾಫಿ ಗೋದಾಮಿನಲ್ಲಿ. ಒಂದು ಸ್ವಿಚ್ ರಿಪೇರಿಗೆಂದು ಗಿರಿಜಕ್ಕ ಅಲ್ಲಿಗೆ ಹೋಗಿದ್ದರು. ಮೂಟೆಯನ್ನು ಗೋಡೆಗೆ ತಾಗಿಸಿ ಪೇರಿಸಿದ್ದಕ್ಕೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಆಳುಗಳನ್ನು ಬೈಯುತ್ತಿದ್ದರು. ಅಡಿಗೆ ಹಲಗೆ ಹಾಕಿ, ಗೋಡೆಯಿಂದ ದೂರ ಇಡಿ, ಗೋಡೆ ಬೆವರುತ್ತೆ, ಗಾಳಿ ಆಡಬೇಕು ಎಂದು ಪ್ರತಿ ವರ್ಷ ಹೇಳುವ ಮಾತು. ಗಿರಿಜಕ್ಕ ಮೂವತ್ತು ವರ್ಷದಿಂದ ಕೇಳುತ್ತ ಬಂದ ಮಾತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ಹಿಡಿದು ಗಿರಿಜಕ್ಕ ನಿಂತುಬಿಟ್ಟರು.

‘ನೀರು ಹೊರಗಿಂದ ಬಂದಿರ್ಲೇ ಇಲ್ಲ ಮಾರಾಯ್ರೆ. ಇಬ್ಬರ ಉಸಿರು, ಗಂಜಿ ಹಬೆ. ಎಲ್ಲ ಮುಚ್ಚಿದ್ದು ನಾನೇ ಅಲ್ವಾ, ಅದು ಎಲ್ಲಿಗೆ ಹೋಗ್ಬೇಕು? ತಣ್ಣಗಿರೋ ತಗಡಿಗೆ ಹೋಗಿ ಕೂತು ನೀರಾಯ್ತು. ಹೊಟ್ಟು ಕುಡಿದಿಟ್ಕೊಳ್ತು. ಸೋರಬಾರದು, ಸೋರಬಾರದು ಅಂತ ಅಷ್ಟು ಬಿಗಿಯಾಗಿ ಮುಚ್ಚಿದ್ನಲ್ಲ, ಅದೇ ತಪ್ಪಾಗಿದ್ದು.’

ಆ ವ್ಯಾನನ್ನು ತಗಡು ಕಾಣುವವರೆಗೆ ಬಿಚ್ಚಿದರು. ತುಕ್ಕು ಹತ್ತಿದ ನೆಲವನ್ನು ಕತ್ತರಿಸಿ ಹೊಸ ತಗಡು ಹಾಕಿಸಿದರು. ನೀರು ಕುಡಿಯದ ಫೋಮ್ ಹಾಳೆಯನ್ನು ತಗಡಿಗೆ ಅಂಟಿಸಿ, ಒಂದು ಬೆರಳು ಜಾಗ ಬಿಟ್ಟು ಹಲಗೆ ಕಟ್ಟಿದರು. ಕೆಳಗೂ ಮೇಲೂ ಸಂದಿ ಬಿಟ್ಟರು. ಬಾಗಿಲ ಬುಡದಲ್ಲೊಂದು ಗಾಳಿಕಿಂಡಿ, ಒಲೆಯ ನೆತ್ತಿಯ ಮೇಲೆ ಇನ್ನೊಂದು, ಅದಕ್ಕೆ ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಪುಟ್ಟ ಫ್ಯಾನು. ಇದರ ಖರ್ಚೆಲ್ಲ ಅವರ ಕೈಯಿಂದಲೇ, ಬೇರೆ ಕೆಲಸಗಳ ನಡುವೆ ಎರಡು ವರ್ಷ ಹಿಡಿಯಿತು. ಈ ಪಾಠ ಕಲಿತ ಮೇಲೆ ಬಂದ ಆರು ವ್ಯಾನುಗಳ ಗೋಡೆಯನ್ನೂ ಕಾಫಿ ಗೋದಾಮಿನಂತೆಯೇ ಕಟ್ಟಿದ್ದಾರೆ. ಅವುಗಳಿಂದ ದೂರು ಬಂದಿಲ್ಲ.

ಆದರೆ ವಸಂತಮ್ಮ ಹತ್ತುವುದಿಲ್ಲ ಎಂದಿದ್ದಾರೆ. ಅವಳು ಹತ್ತದ ಗಾಡಿ ನನಗೂ ಬೇಡ ಎಂದು ಶಂಕರಣ್ಣ ಮೂಡಿಗೆರೆಯ ಗುಜರಿಯವನಿಗೆ ಸೋಮವಾರ ಬಾ ಎಂದು ಹೇಳಿಬಿಟ್ಟಿದ್ದಾರೆ. ಇವತ್ತು ಶುಕ್ರವಾರ. ಒಂದು ಸಲ ಬಂದು ಒಳಗೆ ಕೂತು ನೋಡಿ, ಆಮೇಲೆ ನಿಮ್ಮಿಷ್ಟ ಎಂದು ಗಿರಿಜಕ್ಕ ಫೋನಿನಲ್ಲಿ ಪಟ್ಟು ಹಿಡಿದು ಒಪ್ಪಿಸಿದ್ದಾರೆ.

ಒಂಬತ್ತೂವರೆಗೆ ಅವರಿಬ್ಬರೂ ಬಸ್ಸಿಳಿದು ತೋಟದ ರಸ್ತೆಯಲ್ಲಿ ನಡೆದು ಬರುತ್ತಾರೆ. ಅಷ್ಟರಲ್ಲಿ ಜೆಟ್ಟು ಮೂರೂವರೆ ಗಂಟೆ ನೀರು ಹೊಡೆದಿದೆ, ಒಳಗಿನ ಕಾಗದ ಒದ್ದೆಯಾಗಿಲ್ಲ. ಗಿರಿಜಕ್ಕ ಬಾಗಿಲು ತೆರೆದು, ‘ಬನ್ನಿ ವಸಂತಕ್ಕ, ಒಂದು ಕಾಫಿ ಮಾಡ್ತೀನಿ, ಕೂತ್ಕೊಂಡು ನೋಡಿ’ ಎನ್ನುತ್ತಾರೆ.

ವಸಂತಮ್ಮ ಸಣ್ಣಗೆ, ನೆಟ್ಟಗೆ ಇರುವ ಹೆಂಗಸು. ಬ್ಯಾಗಿನಿಂದ ಒಂದು ಬಟ್ಟೆಯ ಗಂಟು ತೆಗೆಯುತ್ತಾರೆ. ‘ಕಾಫಿ ಮಾಡಿದ್ರೆ ಎಷ್ಟು ಹಬೆ ಬರುತ್ತೆ? ಕುಚ್ಚಲಕ್ಕಿ ತಂದಿದೀನಿ. ಗಂಜಿ ಬೇಯಿಸ್ತೀನಿ. ನೀನು ಒಳಗೆ ಬರ್ಬೇಡ ಗಿರಿಜಾ, ನೀನಿದ್ರೆ ಫ್ಯಾನು ಹಾಕಿ, ಕಿಂಡಿ ತೆಗೀರಿ ಅಂತ ಹೇಳಿಕೊಡ್ತೀಯಾ. ನಾನೊಬ್ಳೇ ಇದ್ದಾಗ ಎಂತ ಆಗುತ್ತೆ ನೋಡ್ಬೇಕು.’

‘ಫ್ಯಾನು ನೀವೇನೂ ಹಾಕೋದು ಬೇಡ ಅಕ್ಕ. ಒಲೆ ಹಚ್ಚಿ ಮೇಲೆ ಬಿಸಿ ಏರಿದ್ರೆ ಅದೇ ತಿರುಗುತ್ತೆ. ಕಿಂಡಿ ಮುಚ್ಚಕ್ಕೇ ಬರಲ್ಲ’ ಎಂದು ಗಿರಿಜಕ್ಕ ಮೆಲ್ಲಗೆ ಹೇಳುತ್ತಾರೆ. ವಸಂತಮ್ಮ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಜೆಟ್ಟು ಆಚೆ ತಿರುಗಿದ ಗಳಿಗೆ ನೋಡಿ ಹತ್ತುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ.

ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ನಾವು ಮೂವರು ಪಲ್ಪರ್ ಶೆಡ್ಡಿನ ಜಗಲಿಯಲ್ಲಿ ನಿಲ್ಲುತ್ತೇವೆ. ಶಂಕರಣ್ಣ ಬೀಡಿ ತೆಗೆದು ಹಚ್ಚದೆ ಹಾಗೇ ಜೇಬಿಗೆ ಹಾಕುತ್ತಾರೆ. ಗಿರಿಜಕ್ಕನ ಕೈಯಲ್ಲಿ ಎಲ್ಲಿಂದಲೋ ಒಂದು ತುಂಡು ತಾಮ್ರದ ತಂತಿ ಬಂದಿದೆ. ಅದನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ. ನಾನು ಏನೋ ಕೇಳಿದೆ. ಉತ್ತರ ಬರಲಿಲ್ಲ. ಅವರು ಸುತ್ತು ಎಣಿಸುತ್ತಿದ್ದಾರೆ ಎಂದು ಆಮೇಲೆ ಗೊತ್ತಾಯಿತು.

ಹತ್ತು ಗಂಟೆಗೆ ಎಸ್ಟೇಟಿನ ಮೇಸ್ತ್ರಿ ಬಂದು, ಈ ಜಾಗದ ನೀರು ಮುಗಿಯಿತು, ಪೈಪ್ ಲೈನ್ ಬದಲಾಯಿಸಬೇಕು ಎನ್ನುತ್ತಾನೆ. ಹೂವಿನ ನೀರು ಕಾಯುವುದಿಲ್ಲ. ಪಂಪು ಒಮ್ಮೆ ಹಚ್ಚಿದ ಮೇಲೆ ತೋಟವೆಲ್ಲ ಸರದಿಯಂತೆ ಮುಗಿಯಬೇಕು. ಗಿರಿಜಕ್ಕನ ಮುಖ ಸಣ್ಣಗಾಗುತ್ತದೆ. ಬುಲೆಟ್ಟಿನಲ್ಲಿ ಅದೇ ದಾರಿಯಲ್ಲಿ ಬಂದ ವೀರೇಂದ್ರ ವಿಷಯ ಕೇಳಿ, ವ್ಯಾನಿನ ನೆತ್ತಿಯ ಕಿಂಡಿಯಿಂದ ಹೊರಡುತ್ತಿದ್ದ ಹಬೆಯನ್ನು ಒಂದು ನಿಮಿಷ ನೋಡುತ್ತಾರೆ. ‘ಗಂಜಿ ಬೇಯ್ಲಿ ಬಿಡೋ ಮಾರಾಯ. ಆ ನಾಲ್ಕು ಗಿಡಕ್ಕೆ ಅರ್ಧ ಗಂಟೆ ನೀರು ಜಾಸ್ತಿಯಾದ್ರೆ ಎಂತ ಆಗಲ್ಲ’ ಎಂದು ಹೇಳಿ ಅವರೂ ಜಗಲಿಗೆ ಬಂದು ನಿಲ್ಲುತ್ತಾರೆ.

ಹತ್ತು ಇಪ್ಪತ್ತಕ್ಕೆ ವ್ಯಾನಿನ ಬಾಗಿಲು ತೆರೆಯುತ್ತದೆ. ವಸಂತಮ್ಮ ಕೈಯಲ್ಲಿ ಕಾಗದದ ಕಟ್ಟು ಹಿಡಿದಿದ್ದಾರೆ. ನೆಲದ್ದು, ಮಂಚದ್ದು, ಗೋಡೆಯದು ಎಲ್ಲವನ್ನೂ ಬಿಡಿಸಿ ತಂದಿದ್ದಾರೆ. ಜಗಲಿಗೆ ಬಂದು ಒಂದೊಂದೇ ಹಾಳೆಯನ್ನು ಗಿರಿಜಕ್ಕನ ಕೈಗೆ ಕೊಡುತ್ತಾರೆ. ಒಣಗಿದ್ದು. ಒಣಗಿದ್ದು. ಒಣಗಿದ್ದು. ಕೊನೆಯ ಹಾಳೆಯ ನಡುವೆ ಅಂಗೈಯಗಲ ಕಪ್ಪಗೆ ಒದ್ದೆಯಾಗಿದೆ. ಗಿರಿಜಕ್ಕ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

‘ಅದು ಗಂಜಿ ಉಕ್ಕಿದ್ದು’ ಎನ್ನುತ್ತಾರೆ ವಸಂತಮ್ಮ. ‘ನಿನ್ನ ಒಲೆ ಉರಿ ಜಾಸ್ತಿ.’

ಶಂಕರಣ್ಣ ಮೆತ್ತಗೆ ಕೇಳುತ್ತಾರೆ: ‘ವಾಸನೆ?’

‘ಗಂಜಿ ವಾಸನೆ. ಬೇರೆ ಎಂತದೂ ಇಲ್ಲ. ಎಲ್ಲಾ ಗೋಡೆಗೂ ಕೈಯಾಡಿಸಿ ಮೂಸಿ ನೋಡ್ದೆ.’ ಆಮೇಲೆ ಗಿರಿಜಕ್ಕನ ಕಡೆ ತಿರುಗಿ, ‘ಉಪ್ಪು, ಹುಣಸೆಹಣ್ಣು ಇಡಕ್ಕೆ ಒಲೆ ಪಕ್ಕ ಒಂದು ಗೂಡು ಬೇಕು. ಕನ್ಯಾಕುಮಾರಿವರೆಗೂ ಪ್ರತಿ ಸಲ ಮಂಚದಡಿ ಬಗ್ಗಿ ತೆಗೆಯಕ್ಕೆ ಆಗಲ್ಲ ನಂಗೆ’ ಎನ್ನುತ್ತಾರೆ. ಗಂಡನಿಗೆ ಹೇಳಿದ್ದು ಇನ್ನೂ ಚಿಕ್ಕ ಮಾತು. ‘ಆ ಗುಜರಿಯವ್ನಿಗೆ ಬರೋದು ಬೇಡ ಅಂತ ಫೋನ್ ಮಾಡಿ.’

ಗಿರಿಜಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಜೆಟ್ಟಿನ ನೀರು ಜಗಲಿಯವರೆಗೆ ಬರುವುದಿಲ್ಲ. ಮೇಸ್ತ್ರಿ ಪೈಪ್ ಕಳಚಲು ಓಡುತ್ತಾನೆ. ಆಮೇಲೆ ಎಲ್ಲರಿಗೂ ಎಸ್ಟೇಟ್ ಮನೆಯಿಂದ ತಂದ ಲೋಟಗಳಲ್ಲಿ ಬಿಸಿ ಗಂಜಿ, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ. ವೀರೇಂದ್ರ ಎರಡನೆಯ ಲೋಟ ಕೇಳಿ ಹಾಕಿಸಿಕೊಳ್ಳುತ್ತಾರೆ.

ಉಪ್ಪಿನ ಗೂಡು ಆ ದಿನವೇ ಸಂಜೆಗೆ ಮುಗಿಯಿತು. ಹತ್ತು ದಿನ ಬಿಟ್ಟು, ನೀರು ಕುಡಿದ ರೋಬಸ್ಟಾ ಗಿಡಗಳೆಲ್ಲ ಬೆಳ್ಳಗೆ ಅರಳಿ ಗೋಣಿಬೀಡೆಲ್ಲ ಘಮ್ಮೆನ್ನುತ್ತಿದ್ದಾಗ ಶಂಕರಣ್ಣ, ವಸಂತಮ್ಮ ಹೊರಟರು. ನಾನು ಇದನ್ನು ಬರೆಯುವ ಹೊತ್ತಿಗೆ ಕಾಸರಗೋಡು ದಾಟಿದ್ದಾರೆ. ಪ್ರತಿ ಬೆಳಿಗ್ಗೆ ವಸಂತಮ್ಮನ ಫೋನು ಬರುತ್ತದೆಯಂತೆ. ಸಮುದ್ರದ ಸುದ್ದಿ ಇರುವುದಿಲ್ಲ, ‘ಗೋಡೆ ಒಣಗಿದೆ ಗಿರಿಜಾ’ ಎಂದು ಇಟ್ಟುಬಿಡುತ್ತಾರೆ.

ಶೆಡ್ಡಿನಲ್ಲಿ ಮೂವತ್ತೈದನೆಯ ವ್ಯಾನು ಬಂದು ನಿಂತಿದೆ. ಹೊರಡುವ ಮುಂಚೆ ನಾನು ವಾಡಿಕೆಯ ಪ್ರಶ್ನೆ ಕೇಳಿದೆ: ನಿಮ್ಮದೇನಾದರೂ ಆಸೆ ಇದೆಯೇ? ಗಿರಿಜಕ್ಕ ವೈರಿಗೆ ‘ಬಾಗಿಲ ದೀಪ’ ಎಂದು ಪಟ್ಟಿ ಸುತ್ತುತ್ತಿದ್ದರು. ಸುತ್ತಿ ಮುಗಿಸಿದ ಮೇಲೇ ತಲೆ ಎತ್ತಿದರು.

‘ನೀವು ಬರೆದದ್ದು ಪುರವಣಿಲಿ ಬಂದ್ರೆ ಎರಡು ಪ್ರತಿ ಕಳಿಸಿ. ಒಂದು ಅಪ್ಪನ ಫೋಟೊ ಹಿಂದೆ ಇಡ್ತೀನಿ. ಇನ್ನೊಂದು ಈ ಗಾಡಿನ ಜೆಟ್ಟಿಗೆ ನಿಲ್ಲಿಸ್ದಾಗ ಹಿಂದಿನ ಕಿಟಕಿ ಕೆಳಗೆ ಹಾಸ್ತೀನಿ. ಸೋರೋದಾದ್ರೆ ಮೊದಲು ಅಲ್ಲೇ ಸೋರೋದು’ ಎಂದು ಮತ್ತೆ ವೈರಿನತ್ತ ಬಗ್ಗಿದರು. ‘ಹೆದರ್ಬೇಡಿ, ನಿಮ್ಮ ಹಾಳೆ ಒದ್ದೆಯಾಗಲ್ಲ.’